ಒಂಬತ್ತು ನಿಮಿಷ ರಿಪ್ಲೇ ನೋಡಿಯೂ ತಪ್ಪು ತೀರ್ಪು ಕೊಡೋದು ಹೇಗೆ ಸಾಧ್ಯ? (ಅಮೆರಿಕದ ಕಾಲೇಜು ಫುಟ್‌ಬಾಲ್)

ಶನಿವಾರದ_ಹುಚ್ಚು:
2015ರ ಅಕ್ಟೋಬರ್ 31ರ ಡ್ಯೂಕ್-ಮಯಾಮಿ ಪಂದ್ಯದ ಕೊನೇ ಆಟವನ್ನ ಇವತ್ತು ಇನ್ನೊಂದ್ಸಲ ನೋಡಿದೆ. ಡ್ಯೂಕ್ 27, ಮಯಾಮಿ 24, ಗಡಿಯಾರದಲ್ಲಿ ಉಳಿದಿದ್ದು ಆರು ಸೆಕೆಂಡು. ಡ್ಯೂಕ್ ಕಿಕ್‌ಆಫ್ ಮಾಡುತ್ತೆ, ಮಯಾಮಿ ಹುಡುಗರು ಎಂಟು ಸಲ ಚೆಂಡನ್ನ ಹಿಂದಕ್ಕೆ ಎಸೆದಾಡಿ ಟಚ್‌ಡೌನ್ (ಚೆಂಡನ್ನ ಗೋಲ್ ಗೆರೆ ದಾಟಿಸೋದು, 6 ಪಾಯಿಂಟ್) ಮಾಡ್ತಾರೆ. 30-27. ಆಮೇಲೆ ಹತ್ತಿರ ಹತ್ತಿರ ಒಂಬತ್ತು ನಿಮಿಷ ರಿಪ್ಲೇ. ಟಚ್‌ಡೌನ್ ಸರಿ ಅಂತ ತೀರ್ಪು.

ಮಾರನೇ ದಿನ ಎಸಿಸಿ ಕಾನ್ಫರೆನ್ಸೇ (ಈ ಎರಡೂ ತಂಡ ಇರೋ ಕಾಲೇಜುಗಳ ಒಕ್ಕೂಟ) ಒಪ್ಪಿಕೊಂಡಿತು: ನಡುವೆ ಒಬ್ಬನ ಮಂಡಿ ನೆಲ ಮುಟ್ಟಿದಾಗ ಚೆಂಡು ಇನ್ನೂ ಅವನ ಕೈಯಲ್ಲೇ ಇತ್ತು, ಆಟ ಅಲ್ಲಿಗೇ ಮುಗಿಬೇಕಿತ್ತು. ಅಂಗಳದ ರೆಫರಿ ತಂಡವನ್ನೂ ರಿಪ್ಲೇ ಅಧಿಕಾರಿಯನ್ನೂ ಎರಡು ಕಾನ್ಫರೆನ್ಸ್ ಪಂದ್ಯ ಹೊರಗಿಟ್ಟರು. ಫಲಿತಾಂಶ ಮಾತ್ರ ಹಾಗೇ ಉಳೀತು.

ಗೊತ್ತಿರೋರು ಹೇಳಿ. ಅಷ್ಟು ಹೊತ್ತು ನೋಡಿಯೂ ಕಾಣದೇ ಹೋಗಿದ್ದು ಹೇಗೆ? ಕಂಡಮೇಲೂ ಫಲಿತಾಂಶ ಬದಲಾಯಿಸಲಿಲ್ಲ ಯಾಕೆ?

ಗೂಗ್ಲಿ:
ಎರಡನೇದಕ್ಕೆ ಉತ್ತರ ಸುಲಭ. ಪಂದ್ಯ ಮುಗೀತು ಅಂತ ರೆಫರಿ ಹೇಳಿದಮೇಲೆ ಸ್ಕೋರ್ ಅಂತಿಮ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನ ನಡೆಸೋ ಸಂಸ್ಥೆ) ನಿಯಮದ ಪುಸ್ತಕದ ಮೊದಲನೇ ಅಧ್ಯಾಯದಲ್ಲೇ ಇದೆ. ಆಮೇಲೆ ಯಾರು ಏನು ಒಪ್ಪಿಕೊಂಡರೂ ಅಷ್ಟೇ.

ಹಳದಿ_ಬಾವುಟ:
ಮೊದಲನೇದಕ್ಕೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಕಾಲೇಜು ಫುಟ್‌ಬಾಲ್‌ನಲ್ಲಿ ರಿಪ್ಲೇ ಅಧಿಕಾರಿ ಪ್ರೆಸ್ ಬಾಕ್ಸ್ ಮಟ್ಟದ ಒಂದು ಬೂತ್‌ನಲ್ಲಿ ಕೂತಿರ್ತಾನೆ. ಜೊತೆಗೆ ಅಂಗಳದ ಜೊತೆ ಮಾತಾಡೋಕೆ ಒಬ್ಬ, ಉಪಕರಣ ನಡೆಸೋಕೆ ಒಬ್ಬ. ಅವನಿಗೆ ಸಿಗೋದು ಟಿವಿಯವರ ಕ್ಯಾಮೆರಾ ಚಿತ್ರಗಳು. ಪ್ರತಿಯೊಂದು ಆಟವನ್ನೂ ಅವನು ನೋಡ್ತಾನೆ, ಕೋಚ್ ಕೇಳಲಿ ಬಿಡಲಿ. ಅನುಮಾನ ಬಂದರೆ ಮುಂದಿನ ಸ್ನ್ಯಾಪ್ (ಆಟ ಶುರು ಮಾಡೋಕೆ ಚೆಂಡನ್ನ ಹಿಂದಕ್ಕೆ ಕೊಡೋದು) ಆಗೋದರೊಳಗೆ ಗುಂಡಿ ಒತ್ತಬೇಕು. ಅಂಗಳದ ಅಧಿಕಾರಿಗಳ ಸೊಂಟದಲ್ಲಿರೋ ಪೇಜರ್ ಗುಂಯ್ ಅನ್ನುತ್ತೆ, ಆಟ ನಿಲ್ಲುತ್ತೆ, ರೆಫರಿ ಹೆಡ್‌ಸೆಟ್ ಹಾಕ್ಕೋತಾನೆ. ಸ್ನ್ಯಾಪ್ ಆಗಿಹೋದರೆ ಮುಗೀತು, ಹಿಂದಿನ ಆಟಕ್ಕೆ ಯಾರೂ ಹೋಗೋ ಹಾಗಿಲ್ಲ. ಅನುಮಾನದ ಕ್ಯಾಚ್ ಹಿಡಿದ ತಂಡ ಗಡಿಬಿಡಿಯಲ್ಲಿ ಮುಂದಿನ ಆಟ ಶುರು ಮಾಡೋದು ಇದಕ್ಕೇ.

ಈಗ ಡ್ಯೂಕ್ ವಿಷಯ. ಒಂದು ಟಚ್‌ಡೌನಲ್ಲಿ ಎಂಟು ಎಸೆತ ಇದ್ದರೆ ನೋಡಬೇಕಾದ್ದು ಒಂದೇ ಪ್ರಶ್ನೆ ಅಲ್ಲ. ಪ್ರತಿ ಎಸೆತವೂ ಹಿಂದಕ್ಕೇ ಹೋಯಿತಾ? ಪ್ರತಿ ಆಟಗಾರನ ಮಂಡಿ, ಮೊಣಕೈ ನೆಲ ಮುಟ್ಟಿತಾ? ಗೆರೆ ತುಳಿದನಾ? ಇಪ್ಪತ್ತರ ಹತ್ತಿರ ಪ್ರಶ್ನೆ ಆಯ್ತು. ಮಂಡಿ ಪ್ರಶ್ನೆಗೆ ಉತ್ತರ ಬೇಕಾದರೆ ಒಂದೇ ಫ್ರೇಮಿನಲ್ಲಿ ಎರಡು ವಿಷಯ ಕಾಣಬೇಕು: ಮಂಡಿ ಹುಲ್ಲಿನ ಮೇಲೆ, ಚೆಂಡು ಕೈಯಲ್ಲಿ. ಒಂದು ಕ್ಯಾಮೆರಾದಲ್ಲಿ ಮಂಡಿ ಕಾಣುತ್ತೆ, ಕೈ ಮರೆಯಾಗಿರುತ್ತೆ. ಇನ್ನೊಂದರಲ್ಲಿ ಕೈ ಕಾಣುತ್ತೆ, ಮಂಡಿಗೆ ಇನ್ಯಾರದೋ ಕಾಲು ಅಡ್ಡ. ಎರಡನ್ನೂ ಒಂದೇ ಕ್ಷಣಕ್ಕೆ ಹೊಂದಿಸಿ ನೋಡೋದೇ ಅವನ ಕೆಲಸ. ಆವತ್ತು ಅದು ಸರಿಯಾಗಿ ಆಗಲಿಲ್ಲ. ಆದರೂ ನನ್ನ ಪ್ರಕಾರ ಆವತ್ತು ಅವನಿಗೆ ಮಾಫಿ ಇಲ್ಲ, ಮಂಡಿ ಕಾಣೋ ಚಿತ್ರ ಇತ್ತು.

ಸುಮ್ನೆ_ಓದೋಳು:
ಎದುರಾಳಿ ಮುಟ್ಟಿರಲೇಬೇಕು ಅಲ್ವಾ ಮಂಡಿ ಊರಿದಾಗ? ಎನ್‌ಎಫ್‌ಎಲ್‌ನಲ್ಲಿ ಹಾಗೆ ಹೇಳ್ತಾರೆ.

ಹಳದಿ_ಬಾವುಟ:
ಅದು ಎನ್‌ಎಫ್‌ಎಲ್‌ನಲ್ಲಿ. ಕಾಲೇಜಿನಲ್ಲಿ ಯಾರೂ ಮುಟ್ಟದೆ ಜಾರಿ ಬಿದ್ದರೂ ಡೌನ್. ಕೈ, ಪಾದ ಬಿಟ್ಟು ಮೈಯ ಯಾವ ಭಾಗ ನೆಲ ಮುಟ್ಟಿದರೂ ಆಟ ಅಲ್ಲಿಗೇ ಸತ್ತ ಹಾಗೆ. ಫೀಲ್ಡ್ ಗೋಲ್‌ಗೆ ಚೆಂಡು ಹಿಡಿದು ಮಂಡಿಯೂರಿ ಕೂರೋನಿಗೆ ಮಾತ್ರ ವಿನಾಯಿತಿ.

ಅರ್ಧ_ಸೆಕೆಂಡ್:
ಫ್ರೇಮ್ ಮಾತು ಬಂತಲ್ಲ, ಅದಕ್ಕೊಂದು ಲೆಕ್ಕ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಂದ ಇನ್ನೊಂದಕ್ಕೆ 16-17 ಮಿಲಿಸೆಕೆಂಡ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದ ಚೆಂಡು ಅಷ್ಟರಲ್ಲಿ ಸುಮಾರು 17 ಸೆಂಟಿಮೀಟರ್ ಹೋಗಿರುತ್ತೆ. ಒಂದು ಫ್ರೇಮಿನಲ್ಲಿ ಚೆಂಡು ಬೆರಳ ತುದಿಯಲ್ಲಿ, ಮುಂದಿನದರಲ್ಲಿ ಒಂದು ಗೇಣು ದೂರ. ಬಿಟ್ಟಿದ್ದು ಯಾವಾಗ? ಆ ಎರಡರ ನಡುವೆ ಎಲ್ಲೋ. ಸೂಪರ್ ಸ್ಲೋ ಮೋಷನ್ ಕ್ಯಾಮೆರಾ ಇದ್ದರೆ ಬೇರೆ ಮಾತು. ಆದರೆ ಅದು ಆ ಕ್ಷಣಕ್ಕೆ ಆ ಹುಡುಗನ ಕಡೆಗೇ ತಿರುಗಿರಬೇಕು. ಎಂಟು ಕೈ ಬದಲಾದ ಆಟದಲ್ಲಿ ಯಾವ ಕ್ಯಾಮೆರಾಮ್ಯಾನ್ ಎಲ್ಲಿಗೆ ಅಂತ ತಿರುಗಿಸ್ತಾನೆ?

ಹುಬ್ಬಳ್ಳಿ_ಮಿರ್ಚಿ:
ಅಲ್ರಿ, ಮಂಡಿ ಒಂದ ತಪ್ಪ ಅಲ್ರೀ ಅವತ್ತ. ಹಿಂದಿನಿಂದ ದೂಡಿದ್ದಕ್ಕ ಫೌಲ್ ಅಂತ ಬಾವುಟ ಒಗದಿದ್ರು, ಆಮ್ಯಾಗ ಎತ್ಕೊಂಡ್ರು, ಯಾಕ ಅಂತ ಸರಿಯಾಗಿ ಹೇಳ್ಲಿಲ್ಲ. ಇನ್ನೊಂದು ದೂಡಿದ್ದು ಕಂಡೇ ಇಲ್ಲ. ಆಟ ಮುಗಿಯೂಕಿಂತ ಮೊದಲ ಬೆಂಚಿನಿಂದ ಒಬ್ಬಾಂವ ಒಳಗ ಓಡಿ ಬಂದಿದ್ದ. ಇವೆಲ್ಲಾ ಕಾನ್ಫರೆನ್ಸಿನವ್ರ ಹೇಳ್ಯಾರ. ರಿಪ್ಲೇದಾಗ ಇವನ್ನೆಲ್ಲಾ ಯಾಕ ಹಿಡೀಲಿಲ್ಲ ಅಂತೀನಿ ನಾ.

ಹಳದಿ_ಬಾವುಟ:
@ಹುಬ್ಬಳ್ಳಿ_ಮಿರ್ಚಿ ಹಿಡಿಯೋ ಹಾಗೇ ಇಲ್ಲ ಸರ್, ಗಲಾಟೆ ಪೂರ್ತಿ ಅಲ್ಲೇ ಇರೋದು. ರಿಪ್ಲೇಯಲ್ಲಿ ನೋಡಬಹುದಾದ್ದು ಗೆರೆ, ನೆಲ, ಚೆಂಡು ಇವಕ್ಕೆ ಸಂಬಂಧಪಟ್ಟಿದ್ದು. ಕ್ಯಾಚ್ ಆಯ್ತಾ, ಗೋಲ್ ಗೆರೆ ದಾಟಿತಾ, ಹೊರಗೆ ಹೋದನಾ, ಕಿಕ್ ಆದ ಚೆಂಡನ್ನ ಯಾರು ಮೊದಲು ಮುಟ್ಟಿದರು, ಹನ್ನೆರಡನೇ ಆಟಗಾರ ಇದ್ದನಾ, ಇಂಥವು. ಹಿಡಿದೆಳೆಯೋದು, ಹಿಂದಿನಿಂದ ತಳ್ಳೋದು, ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯೋನಿಗೆ ಅಡ್ಡಿ ಮಾಡೋದು) ಇವೆಲ್ಲ ಕಣ್ಣಿನ ತೀರ್ಮಾನ ಅಂತ ಹೊರಗಿಟ್ಟಿದ್ದಾರೆ. ಫೌಲ್‌ಗಳಲ್ಲಿ ದೊಡ್ಡ ಅಪವಾದ ಟಾರ್ಗೆಟಿಂಗ್ (ತಲೆಯಿಂದ ಅಥವಾ ತಲೆಗೆ ಅಪಾಯ ಆಗೋ ಹಾಗೆ ಗುದ್ದೋದು).

ಕಡಲತಡಿ:
ಅಂದ್ರೆ ಊರಿಗೆಲ್ಲ ಕಾಣುವ ತಪ್ಪನ್ನು ನೋಡ್ಲಿಕ್ಕಿಲ್ಲ, ಯಾರಿಗೂ ಕಾಣದ ತಪ್ಪನ್ನು ಒಂಬತ್ತು ನಿಮಿಷ ಹುಡುಕ್ಲಿಕ್ಕುಂಟು. ಒಳ್ಳೆ ಕತೆ ಮಾರಾಯ್ರೆ.

ಗೂಗ್ಲಿ:
😂 ಆದರೆ ಇಂಟರ್‌ಫಿಯರೆನ್ಸ್ ರಿಪ್ಲೇಗೆ ತಂದು ಎನ್‌ಎಫ್‌ಎಲ್ 2019ರಲ್ಲಿ ಒಂದೇ ವರ್ಷಕ್ಕೆ ಕೈ ಸುಟ್ಟುಕೊಂಡಿತು, ಮುಂದಿನ ವರ್ಷ ತೆಗೆದುಹಾಕಿದ್ರು. ನಿಧಾನಕ್ಕೆ ಓಡಿಸಿ ನೋಡಿದರೆ ಪ್ರತಿ ಪಾಸ್‌ನಲ್ಲೂ ಯಾರೋ ಯಾರನ್ನೋ ಮುಟ್ಟಿರ್ತಾರೆ.

ಶನಿವಾರದ_ಹುಚ್ಚು:
ಸರಿ, 2024ರ ಅಕ್ಟೋಬರ್ 19, ಆಸ್ಟಿನ್. ಜಾರ್ಜಿಯಾ ಎದುರು ಟೆಕ್ಸಸ್ ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಹಿಡಿಯೋದು) ಮಾಡ್ತು, ಇಂಟರ್‌ಫಿಯರೆನ್ಸ್ ಅಂತ ಬಾವುಟ ಬಿತ್ತು. ಜನ ಬಾಟಲಿ ಎಸೆದರು, ಆಟ ನಿಂತಿತು, ರೆಫರಿಗಳು ಗುಂಪು ಕೂಡಿ ಮಾತಾಡಿ ಬಾವುಟ ವಾಪಸ್ ತಗೊಂಡರು. ರಿಪ್ಲೇ ಇಲ್ಲದೆ ಅದು ಹೇಗೆ ಬದಲಾಯ್ತು?

ಹಳದಿ_ಬಾವುಟ:
ಅಂಗಳದಲ್ಲಿರೋರು ತಮ್ಮತಮ್ಮಲ್ಲಿ ಮಾತಾಡಿ ತೀರ್ಪು ಬದಲಾಯಿಸೋಕೆ ನಿಯಮದ ಅಡ್ಡಿ ಇಲ್ಲ. ಇನ್ನೊಂದು ಕೋನದಿಂದ ನೋಡಿದವನು "ಅಲ್ಲಿ ಏನೂ ಇರಲಿಲ್ಲ" ಅನ್ನಬಹುದು. ತೊಂದರೆ ಇರೋದು ಕ್ರಮದಲ್ಲಿ. ಮೊದಲು ಮಾತಾಡಬೇಕು, ಆಮೇಲೆ ಮೈಕಲ್ಲಿ ಹೇಳಬೇಕು. ಇಲ್ಲಿ ದಂಡ ಘೋಷಿಸಿ ಆಗಿತ್ತು, ನಡುವೆ ಬಾಟಲಿಗಳ ಮಳೆ, ಆಮೇಲೆ ಬದಲಾವಣೆ. ತೀರ್ಪು ಕೊನೆಗೆ ಸರಿಯಾಯ್ತು ಅಂತ ಎಷ್ಟೇ ಹೇಳಿದರೂ ಬಾಟಲಿ ಎಸೆದಿದ್ದಕ್ಕೇ ಬದಲಾಯ್ತು ಅನ್ನೋ ಹಾಗೆ ಕಂಡಿತು. ಟೆಕ್ಸಸ್‌ಗೆ ಅವರ ಕಾನ್ಫರೆನ್ಸ್ ಎಸ್‌ಇಸಿ 2,50,000 ಡಾಲರ್ ದಂಡ ಹಾಕಿತು. ಪಂದ್ಯ ಜಾರ್ಜಿಯಾನೇ ಗೆದ್ದಿತು, 30-15, ಹಾಗಾಗಿ ಗಲಾಟೆ ಅಲ್ಲಿಗೇ ತಣ್ಣಗಾಯ್ತು.

ಹಳೇ_ಹುಲಿ:
ನೀವೆಲ್ಲ ಕ್ಯಾಮೆರಾ, ಫ್ರೇಮ್ ಅಂತಿದ್ದೀರಿ. ಕಾಲೇಜು ಫುಟ್‌ಬಾಲ್‌ನ ಅತಿ ಕೆಟ್ಟ ತಪ್ಪುಗಳಲ್ಲಿ ಕಣ್ಣಿನ ತಪ್ಪೇ ಇಲ್ಲ. ಎಣಿಕೆ ತಪ್ಪು, ಪುಸ್ತಕ ಮರೆತ ತಪ್ಪು.

1990ರ ಅಕ್ಟೋಬರ್ 6, ಕೊಲಂಬಿಯಾ, ಮಿಸ್ಸೌರಿ. ಮಿಸ್ಸೌರಿ 31, ಕೊಲರಾಡೊ 27. ಕೊಲರಾಡೊಗೆ ಗೋಲ್ ಗೆರೆಯಿಂದ ಮೂರು ಯಾರ್ಡ್ ದೂರದಲ್ಲಿ ಮೊದಲನೇ ಡೌನ್ (ದಾಳಿ ಮಾಡೋ ತಂಡಕ್ಕೆ ಸಿಗೋ ನಾಲ್ಕು ಅವಕಾಶಗಳಲ್ಲಿ ಒಂದೊಂದೂ ಒಂದು ಡೌನ್), ಅರ್ಧ ನಿಮಿಷ ಬಾಕಿ. ಮೊದಲನೇದು: ಗಡಿಯಾರ ನಿಲ್ಲಿಸೋಕೆ ಚೆಂಡನ್ನ ನೆಲಕ್ಕೆ ಸ್ಪೈಕ್. ಎರಡನೇದು: ಓಟ, ನಿಂತಿತು, ಟೈಮ್‌ಔಟ್. ಆ ಟೈಮ್‌ಔಟ್ ಗದ್ದಲದಲ್ಲಿ ಗೆರೆಯಾಚೆ ಕಂಬ ಹಿಡಿದವರು ಡೌನ್ ಸಂಖ್ಯೆ ತಿರುಗಿಸಲಿಲ್ಲ. ಹಾಗಾಗಿ ಮೂರನೇ ಆಟಕ್ಕೂ ಕಂಬದಲ್ಲಿ 2 ಅಂತಲೇ. ಮತ್ತೆ ಓಟ, ಮತ್ತೆ ನಿಂತಿತು. ಈಗ ನಿಜವಾಗಿ ನಾಲ್ಕನೇದು, ಕಂಬದಲ್ಲಿ 3. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸೋನು) ಕಂಬ ನಂಬಿ ಇನ್ನೊಂದು ಸ್ಪೈಕ್ ಮಾಡಿದ. ಅಲ್ಲಿಗೆ ಚೆಂಡು ಮಿಸ್ಸೌರಿಗೆ ಹೋಗಬೇಕಿತ್ತು, ಎರಡು ಸೆಕೆಂಡು ಉಳಿದಿತ್ತು. ಐದನೇ ಆಟ ಆಡಿಸಿದರು, ಟಚ್‌ಡೌನ್. 33-31.

ಆ ವರ್ಷ ಕೊಲರಾಡೊ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ರಾಷ್ಟ್ರೀಯ ಚಾಂಪಿಯನ್. ಯುಪಿಐ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಜಾರ್ಜಿಯಾ ಟೆಕ್.

ಕಡಲತಡಿ:
ಏಳು ರೆಫರಿಗಳು ಉಂಟು, ಕಂಬ ಹಿಡಿಯುವವರು ಉಂಟು, ಸ್ಕೋರ್ ಬೋರ್ಡ್ ಉಂಟು. ಒಬ್ಬನಿಗೂ ನಾಲ್ಕರವರೆಗೆ ಎಣಿಸ್ಲಿಕ್ಕೆ ಬರ್ಲಿಲ್ವಾ?

ಹಳೇ_ಹುಲಿ:
ಎಲ್ಲರೂ ಒಂದೇ ಕಂಬ ನೋಡಿ ಎಣಿಸಿದರೆ ಏಳು ಜನ ಇದ್ದರೂ ಒಬ್ಬ ಇದ್ದ ಹಾಗೇ. ಅದಕ್ಕೇ ರೆಫರಿಗಳ ಕೈ ಗಮನಿಸಿ. ಮಣಿಕಟ್ಟಿಗೆ ಒಂದು ಎಲಾಸ್ಟಿಕ್ ಪಟ್ಟಿ, ಅದರಿಂದ ಹೊರಟ ಒಂದು ಕುಣಿಕೆ. ಮೊದಲನೇ ಡೌನ್‌ಗೆ ಕುಣಿಕೆ ತೋರುಬೆರಳಿಗೆ, ಎರಡಕ್ಕೆ ನಡುಬೆರಳಿಗೆ, ಮೂರಕ್ಕೆ ಉಂಗುರಬೆರಳಿಗೆ, ನಾಲ್ಕಕ್ಕೆ ಕಿರುಬೆರಳಿಗೆ. ಆಟ ಸತ್ತ ಕೂಡಲೇ, ಬೇರೆ ಏನೂ ಮಾಡೋ ಮೊದಲು ಕುಣಿಕೆ ಬದಲಾಯಿಸಬೇಕು. ಕಂಬ ನೋಡಿ ಕುಣಿಕೆ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ. ಕುಣಿಕೆ ನೋಡಿ ಕಂಬ ತಿದ್ದಬೇಕು. ಸ್ಪೈಕ್ ಕೂಡ ಒಂದು ಡೌನ್ ಅನ್ನೋದು ಗಡಿಬಿಡಿಯಲ್ಲಿ ಮನಸ್ಸಿಂದ ಜಾರುತ್ತೆ, ಏನೂ ಆಡದ ಹಾಗೆ ಕಾಣೋ ಆಟ ನೋಡಿ ಅದು.

ಗೂಗ್ಲಿ:
ಕ್ರಿಕೆಟ್‌ನ ಏಳು ಬಾಲ್ ಓವರ್‌ನ ಅಣ್ಣ ಇದು. ಅಲ್ಲಿ ನಿಯಮವೇ ಬರೆದಿಟ್ಟಿದ್ದಾರೆ: ಅಂಪೈರ್ ಎಣಿಕೆ ತಪ್ಪಿದರೆ ಅವನು ಎಣಿಸಿದ್ದೇ ಓವರ್. ಆದರೆ ಒಂದು ಬಾಲ್ ಹೆಚ್ಚು ಸಿಕ್ಕರೆ ಭೂಮಿ ಬಾಯಿ ಬಿಡಲ್ಲ, ಒಂದು ಡೌನ್ ಹೆಚ್ಚು ಸಿಕ್ಕರೆ ಚಾಂಪಿಯನ್‌ಶಿಪ್.

ಸುಮ್ನೆ_ಓದೋಳು:
ಟಚ್‌ಡೌನ್‌ಗೆ 6, 27+6=33. ಹೆಚ್ಚುವರಿ ಪಾಯಿಂಟ್ ಕಿಕ್ ಒದೀಲಿಲ್ವಾ?

ಹಳೇ_ಹುಲಿ:
ಬೇಕಂತಲೇ ಮಂಡಿಯೂರಿದರು. ಎರಡು ಪಾಯಿಂಟ್ ಮುಂದಿದ್ದರು, ಸಮಯ ಮುಗಿದಿತ್ತು. ಒದ್ದ ಚೆಂಡನ್ನ ಎದುರಾಳಿ ತಡೆದು ಆ ತುದಿಗೆ ಓಡಿದರೆ ಅವರಿಗೆ 2 ಪಾಯಿಂಟ್ ಸಿಗುತ್ತೆ, 33-33 ಆಗ್ತಿತ್ತು. ಇಲ್ಲದ ಉಸಾಬರಿ ಯಾಕೆ ಅಂತ.

ಹುಬ್ಬಳ್ಳಿ_ಮಿರ್ಚಿ:
ಹಂಗಾರ ಕೊಲರಾಡೊದವ್ರ ತಾವ ಗೆಲುವು ಬಿಟ್ಟಕೊಡಬಹುದಿತ್ತಲ್ರಿ?

ಹಳೇ_ಹುಲಿ:
ಬಿಟ್ಟುಕೊಟ್ಟವರು ಇದ್ದಾರೆ. 1940ರ ನವೆಂಬರ್ 16, ಡಾರ್ಟ್‌ಮತ್ 3-0 ಮುಂದಿತ್ತು, ಕಾರ್ನೆಲ್ ಕೊನೇ ಕ್ಷಣದಲ್ಲಿ ಟಚ್‌ಡೌನ್ ಮಾಡಿ 7-3 ಗೆದ್ದಿತು. ಅದೂ ಐದನೇ ಡೌನ್. ಆಮೇಲೆ ಪಂದ್ಯದ ಫಿಲ್ಮ್ ತೊಳೆಸಿ ನೋಡಿದಾಗ ಗೊತ್ತಾಯ್ತು, ರೆಫರಿಯೂ ತಪ್ಪು ಒಪ್ಪಿಕೊಂಡ. ಕಾರ್ನೆಲ್ ಆವರೆಗೆ ಸೋಲದೆ ಬಂದಿದ್ದ ತಂಡ. ಅವರೇ ತಂತಿ ಕಳಿಸಿ ಗೆಲುವು ಬಿಟ್ಟುಕೊಟ್ಟರು, ದಾಖಲೆಯಲ್ಲಿ ಈಗಲೂ ಡಾರ್ಟ್‌ಮತ್ 3-0. ಯಾವ ನಿಯಮವೂ ಅವರನ್ನ ಒತ್ತಾಯಿಸಿರಲಿಲ್ಲ. ಕಾಲೇಜು ಫುಟ್‌ಬಾಲ್‌ನಲ್ಲಿ ಚಿತ್ರ ನೋಡಿ ಫಲಿತಾಂಶ ತಿರುಗಿದ್ದಕ್ಕೆ ಅದೇ ದೊಡ್ಡ ಉದಾಹರಣೆ, ಅದೂ ರಿಪ್ಲೇ ನಿಯಮ ಬರೋಕೆ ಆರು ದಶಕಕ್ಕೂ ಮೊದಲು.

ಅರ್ಧ_ಸೆಕೆಂಡ್:
ರಿಪ್ಲೇ ಬಂದಿದ್ದು 2004ರಲ್ಲಿ, ಬಿಗ್ ಟೆನ್ ಕಾನ್ಫರೆನ್ಸ್ ಪ್ರಯೋಗ ಮಾಡಿತು. 2005ರಲ್ಲಿ ಬೇರೆ ಕಾನ್ಫರೆನ್ಸ್‌ಗಳಿಗೂ ಒಪ್ಪಿಗೆ ಸಿಕ್ಕಿತು, 2006ಕ್ಕೆ ನಿಯಮದ ಪುಸ್ತಕಕ್ಕೆ ಸೇರಿತು. ಸೇರಿದ ವರ್ಷವೇ ಓಕ್ಲಹೋಮ-ಒರೆಗಾನ್!

ಶನಿವಾರದ_ಹುಚ್ಚು:
ಅದೊಂದು ಮರೆತಿದ್ದೆ. ಬರೀರಿ ಯಾರಾದ್ರೂ.

ಹಳದಿ_ಬಾವುಟ:
2006ರ ಸೆಪ್ಟೆಂಬರ್ 16, ಯುಜೀನ್. ಓಕ್ಲಹೋಮ 33-27 ಮುಂದಿದೆ, ಒರೆಗಾನ್ ಆನ್‌ಸೈಡ್ ಕಿಕ್ (ತಾವೇ ವಾಪಸ್ ಹಿಡಿಯೋಕೆ ಅಂತ ಹತ್ತಿರಕ್ಕೆ ಒದೆಯೋದು) ಮಾಡುತ್ತೆ. ಒದ್ದ ತಂಡ ಚೆಂಡನ್ನ ಮುಟ್ಟಬೇಕಾದರೆ ಅದು ಹತ್ತು ಯಾರ್ಡ್ ಹೋಗಿರಬೇಕು, ಇಲ್ಲವೇ ಎದುರಾಳಿ ಮೊದಲು ಮುಟ್ಟಿರಬೇಕು. ಒರೆಗಾನ್ ಆಟಗಾರ ಅದಕ್ಕೆ ಮೊದಲೇ ಮುಟ್ಟಿದ. ಸಾಲದ್ದಕ್ಕೆ ಚೆಂಡು ಕೊನೆಗೆ ಸಿಕ್ಕಿದ್ದು ಓಕ್ಲಹೋಮ ಹುಡುಗನಿಗೆ, ಅವನು ಅದನ್ನ ಹಿಡ್ಕೊಂಡು ನಿಂತಿದ್ದಾನೆ! ರಿಪ್ಲೇ ನೋಡಿದರು. ಚೆಂಡು ಒರೆಗಾನ್‌ಗೇ ಅಂದರು.

ಮುಂದಿನ ದಾಳಿಯಲ್ಲಿ ಇನ್ನೊಂದು. ಓಕ್ಲಹೋಮ ಮೇಲೆ ಪಾಸ್ ಇಂಟರ್‌ಫಿಯರೆನ್ಸ್. ಇಂಟರ್‌ಫಿಯರೆನ್ಸ್ ರಿಪ್ಲೇಗೆ ಬರಲ್ಲ ಅಂದೆನಲ್ಲ, ಆದರೆ ಪಾಸ್ ಅನ್ನ ಮೊದಲೇ ಯಾರಾದ್ರೂ ತಟ್ಟಿದ್ರಾ ಅನ್ನೋದು ಬರುತ್ತೆ. ಚೆಂಡು ತಟ್ಟಿದಮೇಲೆ ಇಂಟರ್‌ಫಿಯರೆನ್ಸ್ ಅನ್ನೋದೇ ಇಲ್ಲ, ದಂಡ ತಾನಾಗೇ ರದ್ದು. ಆ ಪಾಸ್ ಅನ್ನ ತಟ್ಟಿದ್ದರು. ನೋಡಿಯೂ ಇಲ್ಲ ಅಂದರು. ಟಚ್‌ಡೌನ್, 34-33. ಒರೆಗಾನ್ ಇದ್ದ ಪ್ಯಾಕ್-10 ಕಾನ್ಫರೆನ್ಸಿನವರು ಕ್ಷಮೆ ಕೇಳಿದರು, ಅಂಗಳದ ತಂಡಕ್ಕೂ ರಿಪ್ಲೇಯವರಿಗೂ ಒಂದು ಪಂದ್ಯ ಅಮಾನತು. ಪಂದ್ಯವನ್ನೇ ದಾಖಲೆಯಿಂದ ಅಳಿಸಿ ಅಂತ ಓಕ್ಲಹೋಮ ವಿ.ವಿ. ಅಧ್ಯಕ್ಷರು ಪತ್ರ ಬರೆದರು. ಏನೂ ಆಗಲಿಲ್ಲ.

ಕಡಲತಡಿ:
ಚೆಂಡು ಕೈಯಲ್ಲಿ ಹಿಡ್ಕೊಂಡು ನಿಂತವನೇ ಸಾಕ್ಷಿ ಅಲ್ವಾ. ಇನ್ನೆಂತ ರಿಪ್ಲೇ ಬೇಕು.

ಹುಬ್ಬಳ್ಳಿ_ಮಿರ್ಚಿ:
ಓಕ್ಲಹೋಮ ರಾಜ್ಯದವ್ರಿಗೆ ಇದ ಹಣೆಬರಹ ನೋಡ್ರಿ. 2016ರಾಗ ಓಕ್ಲಹೋಮ ಸ್ಟೇಟ್‌ನವರಿಗೂ ಹಿಂಗ ಆತು, ಸೆಂಟ್ರಲ್ ಮಿಷಿಗನ್ ಕೂಡ. ಅದರೊಳಗ ರಿಪ್ಲೇನ ಬೇಕಿರ್ಲಿಲ್ಲ, ಪುಸ್ತಕ ಓದಿದ್ರ ಸಾಕಿತ್ತು.

ಹಳದಿ_ಬಾವುಟ:
ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ನಾಚಿಕೆಗೇಡಿನದ್ದು ಅದೇ. 2016ರ ಸೆಪ್ಟೆಂಬರ್ 10, ಸ್ಟಿಲ್‌ವಾಟರ್. ಓಕ್ಲಹೋಮ ಸ್ಟೇಟ್ 27-24 ಮುಂದೆ, ನಾಲ್ಕನೇ ಡೌನ್, ನಾಲ್ಕು ಸೆಕೆಂಡು. ಕ್ವಾರ್ಟರ್‌ಬ್ಯಾಕ್ ಚೆಂಡನ್ನ ದೂರಕ್ಕೆ ಹೊರಗೆ ಎಸೆದ, ಗಡಿಯಾರ ಸೊನ್ನೆ. ಆ ಕಡೆ ಅವರ ಆಟಗಾರ ಯಾರೂ ಇರಲಿಲ್ಲ, ಹಾಗಾಗಿ ಇಂಟೆನ್ಷನಲ್ ಗ್ರೌಂಡಿಂಗ್ ಅಂತ ಬಾವುಟ. ಇಲ್ಲೀವರೆಗೂ ಸರಿ.

ಫೌಲ್ ಆದಾಗ ಸಮಯ ಮುಗಿದಿದ್ದರೆ ಗಡಿಯಾರವಿಲ್ಲದೆ ಇನ್ನೊಂದು ಆಟ ಕೊಡಬೇಕು ಅನ್ನೋದು ಎಲ್ಲರಿಗೂ ಬಾಯಿಪಾಠ. ಅದಕ್ಕೊಂದು ವಿನಾಯಿತಿ ಇದೆ: ಡೌನ್ ಕಳ್ಕೊಳ್ಳೋ ದಂಡ ಇರೋ ಫೌಲ್ ಆದರೆ ಆಟ ವಿಸ್ತರಿಸೋ ಹಾಗಿಲ್ಲ. ಗ್ರೌಂಡಿಂಗ್ ಅಂಥದ್ದೇ. ಪಂದ್ಯ ಮುಗಿದಿತ್ತು. ಇವರು ಸೆಂಟ್ರಲ್ ಮಿಷಿಗನ್‌ಗೆ ಒಂದು ಆಟ ಕೊಟ್ಟರು. 51 ಯಾರ್ಡ್: ಉದ್ದಕ್ಕೆ ಎಸೆದ ಚೆಂಡನ್ನ ಒಬ್ಬ ಹಿಡಿದ, ಬೀಳೋ ಮೊದಲು ಪಕ್ಕದವನಿಗೆ ಎಸೆದ, ಅವನು ಓಡಿ ಗೋಲ್ ಗೆರೆ ಮೂಲೆ ಮುಟ್ಟಿದ. 30-27.

ಈಗ ರಿಪ್ಲೇ ಬೂತ್‌ಗೆ ಬನ್ನಿ. ಕಣ್ಣಿಗೆ ಹೊಡೆಯೋ ತಪ್ಪು, ಅದರಲ್ಲೂ ಗಡಿಯಾರಕ್ಕೆ ಸಂಬಂಧಪಟ್ಟಿದ್ದು, ಪಟ್ಟಿಯಲ್ಲಿ ಇಲ್ಲದಿದ್ದರೂ ಬೂತ್ ತಿದ್ದಬಹುದು ಅಂತ ನಿಯಮವೇ ಹೇಳುತ್ತೆ. ಗುಂಡಿ ಒತ್ತಿ "ಸ್ವಾಮಿ, ಪಂದ್ಯ ಮುಗಿದಿದೆ" ಅಂದಿದ್ದರೆ ಸಾಕಿತ್ತು. ಒತ್ತಲಿಲ್ಲ. ಅಂಗಳದಲ್ಲಿದ್ದಿದ್ದು ಮಿಡ್-ಅಮೆರಿಕನ್ ಕಾನ್ಫರೆನ್ಸ್ ತಂಡ, ಬೂತ್‌ನಲ್ಲಿದ್ದಿದ್ದು ಬಿಗ್ 12ರವರು. ಇಬ್ಬರಿಗೂ ಎರಡೆರಡು ಪಂದ್ಯ ಅಮಾನತು.

ಗೂಗ್ಲಿ:
ಅಂಗಳದಲ್ಲಿ ಒಬ್ಬರು, ಬೂತ್‌ನಲ್ಲಿ ಇನ್ನೊಬ್ಬರು ಅನ್ನೋದೇ ಸಂಕೋಚಕ್ಕೆ ಕಾರಣ ಇರಬಹುದು. ನೆಂಟರ ಮನೆ ಅಡುಗೆಗೆ ಉಪ್ಪು ಕಮ್ಮಿ ಅಂತ ಹೇಳೋಕೆ ಹಿಂಜರಿದ ಹಾಗೆ.

ಅರ್ಧ_ಸೆಕೆಂಡ್:
ಆ ವರ್ಷವೇ ಕೇಂದ್ರೀಯ ರಿಪ್ಲೇ ಕೊಠಡಿ ಪ್ರಯೋಗ ಶುರುವಾಗಿದ್ದು. ಎಸ್‌ಇಸಿಯದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಮೈದಾನದ ಬೂತ್ ಜೊತೆ ಅಲ್ಲೂ ಅದೇ ಚಿತ್ರ ನೋಡ್ತಾರೆ, ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರದ್ದು. 2025ರಿಂದ ಎಸಿಸಿಯವರು ಕೊಠಡಿಯೊಳಗಿನ ಮಾತುಕತೆಯನ್ನ ಟಿವಿಯಲ್ಲಿ ನೇರ ಕೇಳಿಸೋಕೂ ಒಪ್ಪಿದರು. ಒಂದು ಫ್ರೇಮ್ ಹಿಂದೆ, ಒಂದು ಫ್ರೇಮ್ ಮುಂದೆ ಅಂತ ಅವರು ಹುಡುಕೋದು ಕೇಳಿದರೆ ಅರ್ಧ ಜನಕ್ಕೆ ಸಿಟ್ಟು ಇಳಿಯುತ್ತೆ.

ಕಡಲತಡಿ:
ಉಳಿದ ಅರ್ಧ ಜನಕ್ಕೆ ಏರ್ತದೆ.

ಶನಿವಾರದ_ಹುಚ್ಚು:
ಇನ್ನೊಂದು ಗೊಂದಲ. "ಕನ್‌ಫರ್ಮ್ಡ್" ಬೇರೆ, "ಸ್ಟ್ಯಾಂಡ್ಸ್" ಬೇರೆ ಅಂತಾರಲ್ಲ, ವ್ಯತ್ಯಾಸ ಏನು?

ಗೂಗ್ಲಿ:
ಸ್ಟ್ಯಾಂಡ್ಸ್ ಅಂದ್ರೆ ನಮ್ಮ ಡಿಆರ್‌ಎಸ್‌ನ ಅಂಪೈರ್ಸ್ ಕಾಲ್ ಇದ್ದಂಗೆ.

ಹಳದಿ_ಬಾವುಟ:
ಹತ್ತಿರ ಇದೆ, ಆದರೆ ಒಂದೇ ಅಲ್ಲ. ಅಂಪೈರ್ಸ್ ಕಾಲ್‌ಗೆ ಅಳತೆ ಇದೆ, ಚೆಂಡು ಸ್ಟಂಪಿಗೆ ಎಷ್ಟು ತಗಲುತ್ತೆ ಅಂತ ಗೆರೆ ಎಳೆದಿದ್ದಾರೆ. ಇಲ್ಲಿ ಅಳತೆ ಇಲ್ಲ. "ಅಲ್ಲಗಳೆಯಲಾಗದ ಸಾಕ್ಷಿ" ಸಿಕ್ಕರೆ ಮಾತ್ರ ತಿರುಗಿಸಬೇಕು. ಸರಿ ಅಂತ ಚಿತ್ರದಲ್ಲಿ ಖಚಿತವಾದರೆ ಕನ್‌ಫರ್ಮ್ಡ್, ಸರಿಯೋ ತಪ್ಪೋ ಖಚಿತವಾಗದಿದ್ದರೆ ಸ್ಟ್ಯಾಂಡ್ಸ್. 2025ರಿಂದ ಆ ಎರಡೂ ಪದ ಕೈಬಿಟ್ಟು ಬರೀ "ಅಪ್‌ಹೆಲ್ಡ್" ಅಥವಾ "ಓವರ್‌ಟರ್ನ್ಡ್" ಅಂತ ಮಾಡಿದ್ದಾರೆ. ನನಗೆ ಇದು ಹಿಡಿಸಲಿಲ್ಲ. "ಚಿತ್ರದಲ್ಲಿ ಗೊತ್ತಾಗಲಿಲ್ಲ" ಅಂತ ಪ್ರಾಮಾಣಿಕವಾಗಿ ಹೇಳೋಕಿದ್ದ ಒಂದೇ ಪದವನ್ನೂ ಕಿತ್ಕೊಂಡರು.

ಅರ್ಧ_ಸೆಕೆಂಡ್:
ಸ್ಟ್ಯಾಂಡ್ಸ್‌ಗೆ ಒಳ್ಳೆ ಉದಾಹರಣೆ 2016ರ ನವೆಂಬರ್ 26, ಮಿಷಿಗನ್-ಒಹಾಯೊ ಸ್ಟೇಟ್, ಎರಡನೇ ಓವರ್‌ಟೈಮ್. ನಾಲ್ಕನೇ ಡೌನ್, ಒಂದು ಯಾರ್ಡ್ ಬೇಕು. ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ 15ನೇ ಯಾರ್ಡ್ ಗೆರೆ ಹತ್ತಿರ ತನ್ನದೇ ತಂಡದವನ ಬೆನ್ನಿಗೆ ಡಿಕ್ಕಿ ಹೊಡೆದ. ಮೊದಲನೇ ಡೌನ್, ಅಂದ್ರೆ ಹೊಸದಾಗಿ ನಾಲ್ಕು ಅವಕಾಶ, ಸಿಕ್ಕಿತು ಅಂತ ಅಂಗಳದ ತೀರ್ಪು. ಮುಂದಿನ ಆಟದಲ್ಲೇ ಟಚ್‌ಡೌನ್, 30-27 ಒಹಾಯೊ ಸ್ಟೇಟ್.

ಚೆಂಡು ಗೆರೆ ಮುಟ್ಟಲೇ ಇಲ್ಲ ಅಂತ ಮಿಷಿಗನ್‌ನವರು ಈಗಲೂ ಒಂದು ಫೋಟೋ ಹಿಡ್ಕೊಂಡು ಓಡಾಡ್ತಾರೆ. ಮೂರು ವಿಷಯ ಮರೀತಾರೆ. ಟಿವಿಯಲ್ಲಿ ಕಾಣೋ ಹಳದಿ ಗೆರೆ ಕಂಪ್ಯೂಟರ್ ಎಳೆದಿದ್ದು, ಅಧಿಕೃತ ಅಲ್ಲ. ಕ್ಯಾಮೆರಾ ಗೆರೆಗೆ ಸರಿಯಾಗಿ ನೇರ ಇಲ್ಲದಿದ್ದರೆ ಎತ್ತರದಲ್ಲಿರೋ ಚೆಂಡು ಮುಂದೋ ಹಿಂದೋ ಸರಿದ ಹಾಗೆ ಕಾಣುತ್ತೆ. ಸೊಂಟದೆತ್ತರದಲ್ಲಿ ಚೆಂಡು, ನೆಲದಲ್ಲಿ ಗೆರೆ, ಓರೆ ಕ್ಯಾಮೆರಾ: ಅರ್ಧ ಅಡಿ ಮೋಸ ಆರಾಮಾಗಿ ಆಗುತ್ತೆ. ಇನ್ನೊಂದು, ಓರೆ ಚಿತ್ರ ಇದ್ದಾಗ ಅಂಗಳದಲ್ಲಿ ಯಾವ ತೀರ್ಪು ಕೊಟ್ಟಿದ್ದರೂ ಅದೇ ನಿಲ್ತಿತ್ತು. ಇಲ್ಲ ಅಂದಿದ್ದರೆ ಇಲ್ಲ ಅನ್ನೋದೇ ನಿಲ್ತಿತ್ತು.

ಶನಿವಾರದ_ಹುಚ್ಚು:
ಅಂದರೆ ಮೊದಲು ಯಾವ ಕಡೆ ಕೈ ತೋರಿಸಿದರು ಅನ್ನೋದೇ ಪಂದ್ಯ!

ಹಳದಿ_ಬಾವುಟ:
ಅದಕ್ಕೇ 2024ರ ಸೆಪ್ಟೆಂಬರ್ 27ರ ವರ್ಜೀನಿಯಾ ಟೆಕ್-ಮಯಾಮಿ ಪಂದ್ಯಕ್ಕೆ ಅಷ್ಟು ರಂಪ. ವರ್ಜೀನಿಯಾ ಟೆಕ್‌ನ ಕೊನೇ ಎಸೆತ, ಎಂಡ್ ಝೋನ್‌ನಲ್ಲಿ (ಗೋಲ್ ಗೆರೆಯಾಚೆಯ ಜಾಗ) ಜನರ ರಾಶಿ, ಟಚ್‌ಡೌನ್ ಅಂತ ಅಂಗಳದಲ್ಲಿ ಕೈ ಎತ್ತಿದರು. ರಾಶಿಯಲ್ಲಿ ಚೆಂಡು ಯಾರ ಕೈಲಿದೆ ಅಂತ ಯಾವ ಕ್ಯಾಮೆರಾದಲ್ಲೂ ಪೂರ್ತಿ ಕಾಣಲ್ಲ. ಸ್ಟ್ಯಾಂಡ್ಸ್ ಆಗಬೇಕಾದ ಎಲ್ಲ ಲಕ್ಷಣ ಇತ್ತು. ಆದರೆ ಚೆಂಡು ಪೂರ್ತಿ ಕೈವಶ ಆಗೋ ಮೊದಲು ಅಂಗಳದ ಹೊರಗಿದ್ದ ಆಟಗಾರನಿಗೆ ತಗುಲಿದೆ ಅಂತ ತಿರುಗಿಸಿದರು. ಮಯಾಮಿ 38-34. ಆ ತಗುಲಿದ್ದು ನಿಜವೇ ಇರಬಹುದು. "ಅಲ್ಲಗಳೆಯಲಾಗದ" ಸಾಕ್ಷಿಯಾ ಅಂದರೆ, ಅಷ್ಟು ಹೊತ್ತು ನೋಡಬೇಕಾಗಿ ಬಂದದ್ದು ಹೇಗೆ ಅಲ್ಲಗಳೆಯಲಾಗದ್ದು?

ಅರ್ಧ_ಸೆಕೆಂಡ್:
ಒಪ್ಪಲ್ಲ. ಸರಿಯಾದ ಕೋನ ಆರನೇ ನಿಮಿಷಕ್ಕೆ ಸಿಕ್ಕಿದರೂ ಸಾಕ್ಷಿ ಸಾಕ್ಷಿಯೇ. ತಡ ಆಗೋದು ಅನುಮಾನಕ್ಕಲ್ಲ, ಚಿತ್ರ ಹುಡುಕೋದಕ್ಕೆ.

ಹಳದಿ_ಬಾವುಟ:
ಡ್ಯೂಕ್‌ನಲ್ಲಿ ಒಂಬತ್ತು ನಿಮಿಷ ಹುಡುಕಿ ಏನು ಸಿಕ್ಕಿತು ಅಂತ ಮೇಲೇ ಓದಿದ್ರಲ್ಲ.

ಬುಟ್ಟಿಚೆಂಡು:
ಬಾಸ್ಕೆಟ್‌ಬಾಲ್‌ನವರು ಯಾರೂ ಇಲ್ವಾ ಇಲ್ಲಿ? ನಿಮ್ಮದು ನಿಧಾನದ ಕಷ್ಟ, ನಮ್ಮದು ಅತಿಯಾಗಿ ಕಾಣೋ ಕಷ್ಟ.

2019ರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್, ವರ್ಜೀನಿಯಾ-ಟೆಕ್ಸಸ್ ಟೆಕ್, ಓವರ್‌ಟೈಮ್. ಚೆಂಡು ಹೊರಗೆ ಹೋಯಿತು, ಟೆಕ್ಸಸ್ ಟೆಕ್‌ಗೆ ಅಂತ ತೀರ್ಪು. ವರ್ಜೀನಿಯಾ ಆಟಗಾರ ಚೆಂಡನ್ನ ಕುಟ್ಟಿ ಬೀಳಿಸಿದ್ದು ಎಲ್ಲರಿಗೂ ಕಾಣ್ತಿತ್ತು. ಮಾನಿಟರ್‌ನಲ್ಲಿ ಒಂದೊಂದೇ ಫ್ರೇಮ್ ಸರಿಸಿದರೆ, ಹೊರಗೆ ಹೋಗೋ ಕ್ಷಣದಲ್ಲಿ ಟೆಕ್ಸಸ್ ಟೆಕ್ ಆಟಗಾರನ ಕಿರುಬೆರಳಿಗೆ ಸವರಿಕೊಂಡು ಹೋಗಿದೆ. ತೀರ್ಪು ತಿರುಗಿತು. ವರ್ಜೀನಿಯಾ 85-77. ನಿಯಮದ ಪ್ರಕಾರ ಸರಿ. ಆದರೆ ಇದೇ ಕುಟ್ಟು ಪಂದ್ಯದ ಹತ್ತನೇ ನಿಮಿಷದಲ್ಲಿ ಆಗಿದ್ದರೆ ಯಾರೂ ಮಾನಿಟರ್ ಕಡೆ ಹೋಗೋ ಹಾಗೇ ಇರಲಿಲ್ಲ, ಹೊರಹೋದ ಚೆಂಡಿನ ರಿಪ್ಲೇ ಆಗ ಕೊನೇ ಎರಡು ನಿಮಿಷ ಮತ್ತು ಓವರ್‌ಟೈಮ್‌ಗೆ ಮಾತ್ರ. ಒಂದೇ ಪಂದ್ಯದಲ್ಲಿ ಎರಡು ನ್ಯಾಯ.

ಅದಕ್ಕೂ ಎರಡು ದಿನ ಮೊದಲು ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು ಅದೇ ವರ್ಜೀನಿಯಾದವನು ಡಬಲ್ ಡ್ರಿಬಲ್ ಮಾಡಿದ. ಚೆಂಡು ಹಿಮ್ಮಡಿಗೆ ತಾಗಿ ಜಾರಿತು, ಎತ್ತಿಕೊಂಡ, ಮತ್ತೆ ಡ್ರಿಬಲ್. ಇಡೀ ದೇಶ ನೋಡಿತು, ರಿಪ್ಲೇಗೆ ಬರಲ್ಲ. ಆಮೇಲೆ 0.6 ಸೆಕೆಂಡ್ ಇದ್ದಾಗ ಮೂರು ಪಾಯಿಂಟ್ ಶಾಟ್‌ನಲ್ಲಿ ಫೌಲ್, ಮೂರೂ ಫ್ರೀ ಥ್ರೋ ಬಿದ್ದವು, 63-62.

ಕಡಲತಡಿ:
ಬೆರಳು ಸವರಿದ್ದು ಕಾಣ್ತದೆ, ಎರಡು ಸಲ ಕುಟ್ಟಿದ್ದು ಕಾಣುದಿಲ್ಲ.

ಬುಟ್ಟಿಚೆಂಡು:
ಕಾಣುತ್ತೆ, ನೋಡೋ ಹಾಗಿಲ್ಲ ಅಷ್ಟೇ 🙂 ಇನ್ನೊಂದು ಹೇಳ್ತೀನಿ. 2017, ಗೊನ್ಝಾಗ-ನಾರ್ತ್‌ವೆಸ್ಟರ್ನ್. ಗೊನ್ಝಾಗ ಆಟಗಾರ ಕೆಳಗಿನಿಂದ ಬಳೆಯೊಳಗೆ ಕೈ ಹಾಕಿ ಶಾಟ್ ತಡೆದ. ಅದಕ್ಕೆ ಪಾಯಿಂಟ್ ಕೊಡಬೇಕು, ಕೊಡಲಿಲ್ಲ. ನಾರ್ತ್‌ವೆಸ್ಟರ್ನ್ ಕೋಚ್ ಸಿಟ್ಟಲ್ಲಿ ಅಂಗಳಕ್ಕೆ ನುಗ್ಗಿ ಟೆಕ್ನಿಕಲ್ ಫೌಲ್ ತಗೊಂಡರು. ತಪ್ಪು ಎದುರಾಳಿಯದು, ಫ್ರೀ ಥ್ರೋ ಕೂಡ ಎದುರಾಳಿಗೇ. 79-73 ಸೋತರು. ಎನ್‌ಸಿಎಎ ತಪ್ಪಾಯ್ತು ಅಂತ ಹೇಳಿಕೆ ಕೊಟ್ಟಿತು. ಕೊನೇ ಎರಡು ನಿಮಿಷದ ಗೋಲ್‌ಟೆಂಡಿಂಗ್ (ಬಳೆಗೆ ಬೀಳ್ತಿರೋ ಚೆಂಡನ್ನ ನಿಯಮ ಮೀರಿ ತಡೆಯೋದು) ರಿಪ್ಲೇಗೆ ಬಂದಿದ್ದು 2019-20ಕ್ಕೆ. 2025-26ರಿಂದ ಪುರುಷರ ಆಟದಲ್ಲಿ ಕೋಚ್ ಚಾಲೆಂಜೂ ಬಂದಿದೆ: ಹೊರಹೋದ ಚೆಂಡು, ಗೋಲ್‌ಟೆಂಡಿಂಗ್, ಬಳೆ ಕೆಳಗಿನ ಅರ್ಧವೃತ್ತದಲ್ಲಿ ಡಿಫೆಂಡರ್ ನಿಂತಿದ್ದನಾ ಅನ್ನೋದು. ಕೈಯಲ್ಲಿ ಟೈಮ್‌ಔಟ್ ಇರಬೇಕು, ಗೆದ್ದರೆ ಇನ್ನೊಂದು ಚಾಲೆಂಜ್ ಸಿಗುತ್ತೆ.

ಗೂಗ್ಲಿ:
ಫುಟ್‌ಬಾಲ್ ಕೋಚ್‌ಗಳಿಗೆ ಮೇಲೆ ಕೂತ ಸಹಾಯಕರು ಹೆಡ್‌ಸೆಟ್‌ನಲ್ಲಿ "ಚಾಲೆಂಜ್ ಮಾಡಿ" ಅಂತ ಹೇಳೋದು ಸರಿ ಅಂತೆ. 2017ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಸ್ಟೀವ್ ಸ್ಮಿತ್ ಡ್ರೆಸಿಂಗ್ ರೂಮ್ ಕಡೆ ಒಂದ್ಸಲ ತಿರುಗಿ ನೋಡಿದ್ದಕ್ಕೆ ಏನೆಲ್ಲ ಆಯ್ತು. ಅವರು ಕಾಲೇಜು ಫುಟ್‌ಬಾಲ್ ಆಡಬೇಕಿತ್ತು.

ಹುಬ್ಬಳ್ಳಿ_ಮಿರ್ಚಿ:
ಟಾರ್ಗೆಟಿಂಗ್ ಬಗ್ಗೆ ಯಾರೂ ಬರೀಲಿಲ್ಲಲ್ರಿ. ಜಗಳ ಜಾಸ್ತಿ ಅದರಾಗನ ಐತಿ.

ಹಳದಿ_ಬಾವುಟ:
ಚುಟುಕಾಗಿ. ಹೆಲ್ಮೆಟ್‌ನ ನೆತ್ತಿಯಿಂದ ಗುದ್ದೋದು ಒಂದು ಬಗೆ. ರಕ್ಷಣೆಯಿಲ್ಲದ ಸ್ಥಿತಿಯಲ್ಲಿರೋನ ತಲೆಗೋ ಕುತ್ತಿಗೆಗೋ ಗುದ್ದೋದು ಇನ್ನೊಂದು. ಎರಡಕ್ಕೂ ಒಂದಾದರೂ ಲಕ್ಷಣ ಬೇಕು: ನೆಲ ಬಿಟ್ಟು ಹಾರಿದ, ತಲೆ ತಗ್ಗಿಸಿದ, ಕುಗ್ಗಿ ಮೇಲಕ್ಕೆ ನುಗ್ಗಿದ, ಹೀಗೆ. ದಂಡ 15 ಯಾರ್ಡ್ ಮತ್ತು ಪಂದ್ಯದಿಂದ ಹೊರಗೆ. 2025ರ ನಿಯಮದ ಪ್ರಕಾರ ದ್ವಿತೀಯಾರ್ಧದಲ್ಲಿ ಆದರೆ ಮುಂದಿನ ಪಂದ್ಯದ ಪ್ರಥಮಾರ್ಧವೂ ಇಲ್ಲ. 2013ರಲ್ಲಿ ಒಂದು ವಿಚಿತ್ರ ಇತ್ತು, ಟಾರ್ಗೆಟಿಂಗ್ ಅಲ್ಲ ಅಂತ ರಿಪ್ಲೇ ಹೇಳಿದರೂ 15 ಯಾರ್ಡ್ ಹಾಗೇ ಉಳೀತಿತ್ತು! ಮುಂದಿನ ವರ್ಷ ಸರಿಪಡಿಸಿದರು. 2019ರಿಂದಲೇ ಇದಕ್ಕೆ ಸ್ಟ್ಯಾಂಡ್ಸ್ ಇಲ್ಲ, ಫೌಲ್‌ನ ಎಲ್ಲ ಅಂಶವೂ ಚಿತ್ರದಲ್ಲಿ ಖಚಿತ ಆಗಬೇಕು, ಒಂದು ತಪ್ಪಿದರೂ ರದ್ದು.

ಶನಿವಾರದ_ಹುಚ್ಚು:
2025ರ ಜನವರಿ 1ರ ಪೀಚ್ ಬೌಲ್ ಬಗ್ಗೆ ನಿಮ್ಮ ಅಭಿಪ್ರಾಯ? ಅರಿಜೋನಾ ಸ್ಟೇಟ್-ಟೆಕ್ಸಸ್ 24-24, ಒಂದು ನಿಮಿಷದ ಆಸುಪಾಸು. ಅರಿಜೋನಾ ಸ್ಟೇಟ್‌ನವನ ತಲೆಗೆ ತಲೆ ಬಡಿದಿದ್ದು ಎದ್ದು ಕಾಣ್ತಿತ್ತು, ನೋಡಿ ಇಲ್ಲ ಅಂದರು. ಕೊಟ್ಟಿದ್ದರೆ 15 ಯಾರ್ಡ್, ಮೊದಲನೇ ಡೌನ್. ಕೊನೆಗೆ ಎರಡು ಓವರ್‌ಟೈಮ್ ಆಗಿ ಟೆಕ್ಸಸ್ 39-31.

ಹಳದಿ_ಬಾವುಟ:
ಕೊಡಬೇಕಿತ್ತು. ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿತ್ತು, ಹಿಡಿದವನು ರಕ್ಷಣೆಯಿಲ್ಲದ ಸ್ಥಿತಿಯಲ್ಲಿದ್ದ.

ಅರ್ಧ_ಸೆಕೆಂಡ್:
ಕೊಡಬಾರದಿತ್ತು. ತಾಗಿದ್ದಷ್ಟೇ ಸಾಲದು ಅಂತ ನೀವೇ ಈಗ ಬರೆದ್ರಿ. ಹಾರಲಿಲ್ಲ, ನೆತ್ತಿ ತಗ್ಗಿಸಲಿಲ್ಲ. ಮುಖಕ್ಕೆ ಮುಖ ತಾಗಿತು.

ಹಳದಿ_ಬಾವುಟ:
ಹೆಲ್ಮೆಟ್ ಮುಂದು ಮಾಡಿ ಗುದ್ದೋದೂ ಲಕ್ಷಣವೇ. ಪುಸ್ತಕ ತೆಗೀರಿ.

ಅರ್ಧ_ಸೆಕೆಂಡ್:
ತೆಗೆದೇ ಕೂತಿದ್ದೀನಿ. ಮುಂದು ಮಾಡಿದನಾ, ನೇರ ನಿಂತಿದ್ದನಾ ಅನ್ನೋದು ಯಾವ ಕೋನದ ಚಿತ್ರ ನೋಡ್ತೀರಿ ಅನ್ನೋದರ ಮೇಲೆ.

ಕಡಲತಡಿ:
ಒಂಬತ್ತು ನಿಮಿಷ ಆಯ್ತು, ತೀರ್ಪು ಕೊಡಿ ಇಬ್ರೂ.

ಸುಮ್ನೆ_ಓದೋಳು:
ಆ ಕುಣಿಕೆ ಪಟ್ಟಿ ವಿಷಯ ಮತ್ತೆ ಕೇಳ್ತೀನಿ. ಫೌಲ್ ಆಗಿ ಅದೇ ಡೌನ್ ಮತ್ತೆ ಆಡಿಸಿದರೆ ಕುಣಿಕೆ ಏನು ಮಾಡ್ತಾರೆ? ಆಗಲೇ ಬದಲಾಯಿಸಿ ಆಗಿರುತ್ತಲ್ಲ.

ಹಳೇ_ಹುಲಿ:
ವಾಪಸ್ ಹಿಂದಿನ ಬೆರಳಿಗೆ. ಎಣಿಕೆ ತಪ್ಪೋದಕ್ಕೆ ಅದೇ ಹೇಳಿಮಾಡಿಸಿದ ಜಾಗ, ಒಳ್ಳೇ ಪ್ರಶ್ನೆ ಕೇಳಿದ್ರಿ. ಬಾವುಟ ಬಿದ್ದ ಆಟದಲ್ಲಿ ದಂಡ ಅಳೆದು ಮುಗಿಯೋವರೆಗೂ ಕುಣಿಕೆ ಮುಟ್ಟದೇ ಇರೋದು ಕ್ಷೇಮ.